ಆಕಾಶದ ಊರುಗಳೂ ಅರವತ್ತಡಿಯ ದೈತ್ಯನೂ

ಈಚೆಗೆ ನಾವು 'ಮೊಬೈಲ್ ಸೂಟ್ ಗಂಡಮ್' ಎಂಬ ಜಪಾನೀ ಚಿತ್ರಮಾಲೆಯನ್ನು ಮೊದಲಿನಿಂದ ಕೊನೆಯವರೆಗೆ ಇನ್ನೊಮ್ಮೆ ನೋಡಿದೆವು. ಬರೆದ ಚಿತ್ರಗಳಿಗೆ ಚಲನೆಯನ್ನು ಕೊಟ್ಟು ಕಥೆ ಹೇಳುವ, ಜಪಾನೀಯರು 'ಅನಿಮೆ' ಎಂದು ಕರೆಯುವ ಜಾತಿಗೆ ಸೇರಿದ ಈ ಮಾಲೆ 1979ರ ಏಪ್ರಿಲ್ 7ರಿಂದ 1980ರ ಜನವರಿ 26ರವರೆಗೆ, 43 ಕಂತುಗಳಲ್ಲಿ, ಅಲ್ಲಿಯ ಟೆಲಿವಿಷನ್ನಿನಲ್ಲಿ ಪ್ರಸಾರವಾಯಿತು. ಮೊದಲ ಸಲ ನೋಡಿದಾಗ ನಮ್ಮ ಕಣ್ಣು ಹದಿನೆಂಟು ಮೀಟರು ಎತ್ತರದ ಆ ಬಿಳಿಯ ಯಂತ್ರಪುರುಷನನ್ನು ಬಿಟ್ಟು ಅತ್ತಿತ್ತ ಸರಿದಿರಲಿಲ್ಲ. ಈ ಸಲ ಪಕ್ಕದಲ್ಲಿ ಕಾಗದ ಪೆನ್ಸಿಲುಗಳನ್ನು ಇಟ್ಟುಕೊಂಡು ಕುಳಿತೆವು. ಲೆಕ್ಕ ಹಾಕುತ್ತ ಹೋದಂತೆ ಒಂದು ವಿಚಿತ್ರ ಕಂಡುಬಂದಿತು. ಜನರೆಲ್ಲ ಕೊಂಡಾಡುವ ಯಂತ್ರಪುರುಷನೇ ಈ ಕಥೆಯಲ್ಲಿ ಭೌತವಿಜ್ಞಾನಕ್ಕೆ ಅತ್ಯಂತ ದೂರವಾದ ವಸ್ತು. ಅವನ ಹಿಂದೆ ನಾಟಕದ ಪರದೆಯಂತೆ ನಿಂತಿರುವ ಆಕಾಶದ ಊರುಗಳು, ಅವುಗಳ ಬಾಳು ಮತ್ತು ಪತನ, ವಿಜ್ಞಾನಕ್ಕೆ ಅತ್ಯಂತ ಸಮೀಪವಾದುವು.

ಜಪಾನಿನಲ್ಲಿ ದೈತ್ಯಯಂತ್ರಗಳ ಕಥೆ ಹೊಸದೇನೂ ಆಗಿರಲಿಲ್ಲ. ಯೊಕೊಯಾಮಾ ಮಿತ್ಸುತೆರು ಅವರ 'ತೆತ್ಸುಜಿನ್ 28' ಎಂಬ ಚಿತ್ರಕಥೆ 1956ರಷ್ಟು ಹಿಂದೆಯೇ ಹೊರಟಿತ್ತು; ಅಲ್ಲಿ ಹುಡುಗನೊಬ್ಬ ದೂರದಿಂದ ಯಂತ್ರವನ್ನು ಆಡಿಸುತ್ತಾನೆ. 1972ರಲ್ಲಿ ಬಂದ ನಾಗಾಯ್ ಗೋ ಅವರ 'ಮಾಜಿಂಗರ್ ಜೆಡ್'ನಲ್ಲಿ ಹುಡುಗನು ಯಂತ್ರದ ತಲೆಯೊಳಗೇ ಕುಳಿತನು. ಇವೆಲ್ಲ ಹೆಚ್ಚುಕಡಮೆ ದೇವತೆಗಳಂಥ ಯಂತ್ರಗಳು: ಪ್ರಪಂಚಕ್ಕೆ ಒಂದೇ, ಸೋಲರಿಯದಂಥದು. ಗಂಡಮ್ ಮಾಲೆಯನ್ನು ನಿರ್ದೇಶಿಸಿದ ತೊಮಿನೊ ಯೊಶಿಯುಕಿ ಅವರು 1941ರಲ್ಲಿ ಹುಟ್ಟಿದವರು. ಯುದ್ಧ ಮುಗಿದಾಗ ಅವರಿಗೆ ಮೂರು ವರ್ಷ ದಾಟಿತ್ತು. ಅವರ ಕಥೆಯಲ್ಲಿ ಯಂತ್ರಪುರುಷನು ಒಂದು ಆಯುಧ ಮಾತ್ರ. ಕಾರ್ಖಾನೆಯಲ್ಲಿ ಸಾಲುಸಾಲಾಗಿ ತಯಾರಾಗುತ್ತಾನೆ; ಮದ್ದುಗುಂಡು ಮುಗಿದರೆ ಬರಿಗೈಯಾಗುತ್ತಾನೆ; ಕೆಟ್ಟರೆ ರಿಪೇರಿಗೆ ಹೋಗುತ್ತಾನೆ. ಅಮೆರಿಕದ ಹೈನ್‌ಲೈನ್ ಎಂಬ ಲೇಖಕರು 1959ರ ಕಾದಂಬರಿಯೊಂದರಲ್ಲಿ ಬಣ್ಣಿಸಿದ, ಸೈನಿಕರು ತೊಟ್ಟುಕೊಳ್ಳುವ ಯಂತ್ರಕವಚವೇ ಈ ಕಲ್ಪನೆಯ ಬೀಜ.

ಪ್ರಸಾರವಾದ ಕಾಲದಲ್ಲಿ ಇದನ್ನು ನೋಡಿದವರು ಕಡಮೆ. ವೆಚ್ಚವನ್ನು ಹೊತ್ತಿದ್ದುದು ಆಟಿಕೆಗಳನ್ನು ಮಾಡುವ ಒಂದು ಕಂಪೆನಿ. 52 ಕಂತುಗಳೆಂದು ಯೋಜಿಸಿದ್ದುದನ್ನು 43ಕ್ಕೇ ಮೊಟಕು ಮಾಡಬೇಕಾಯಿತು. ಅದು ಜನಪ್ರಿಯವಾದದ್ದು ಮುಗಿದ ಮೇಲೆ: ಮರುಪ್ರಸಾರಗಳಿಂದ, 1980ರ ಜುಲೈಯಲ್ಲಿ 300 ಯೆನ್ ಬೆಲೆಗೆ ಮಾರಾಟಕ್ಕೆ ಬಂದ ಪ್ಲಾಸ್ಟಿಕ್ ಮಾದರಿಗಳಿಂದ, ಮತ್ತು 1981–82ರಲ್ಲಿ ಕಂತುಗಳನ್ನು ಸಂಕಲಿಸಿ ಮಾಡಿದ ಮೂರು ಚಲನಚಿತ್ರಗಳಿಂದ.

ಇನ್ನು ಆಕಾಶದ ಊರುಗಳ ಮಾತು. ಇವು ಚಿತ್ರಕಾರರ ತಲೆಯಲ್ಲಿ ಹುಟ್ಟಿದವಲ್ಲ. ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಭೌತವಿಜ್ಞಾನಿ ಜೆರಾರ್ಡ್ ಓನೀಲ್ ಅವರು 1969ರಲ್ಲಿ ತಮ್ಮ ವಿದ್ಯಾರ್ಥಿಗಳ ಮುಂದೆ ಒಂದು ಪ್ರಶ್ನೆಯನ್ನಿಟ್ಟರು. ಬೆಳೆಯುತ್ತಿರುವ ಯಂತ್ರನಾಗರಿಕತೆಗೆ ಗ್ರಹವೊಂದರ ಮೇಲ್ಮೈಯೇ ತಕ್ಕ ಸ್ಥಳವೆ? ಅಲ್ಲವೆಂದು ಲೆಕ್ಕಗಳು ಸೂಚಿಸಿದುವು. 1974ರ ಸೆಪ್ಟೆಂಬರಿನಲ್ಲಿ 'ಫಿಸಿಕ್ಸ್ ಟುಡೇ' ಪತ್ರಿಕೆಯಲ್ಲಿ ಅವರು ಪ್ರಕಟಿಸಿದ ಲೇಖನ ಈ ವಿಚಾರವನ್ನು ವಿದ್ವಾಂಸರ ಮುಂದಿಟ್ಟಿತು. ಐದೇ ವರ್ಷಗಳಲ್ಲಿ ಅದೇ ವಿಚಾರ ಜಪಾನಿನ ಹುಡುಗರು ಸಂಜೆಯ ಹೊತ್ತು ನೋಡುವ ಕಥೆಗೆ ನೆಲೆಯಾಯಿತು. ವಿಜ್ಞಾನದ ಒಂದು ಲೇಖನ ಇಷ್ಟು ಬೇಗ ಮನೆಮನೆಗೆ ಇಳಿದ ಉದಾಹರಣೆ ವಿರಳವೆಂದು ನಮ್ಮ ಎಣಿಕೆ.

ಓನೀಲರ ಅತ್ಯಂತ ದೊಡ್ಡ ಯೋಜನೆಯಲ್ಲಿ ಊರೆಂದರೆ ಸುಮಾರು 32 ಕಿಲೋಮೀಟರು ಉದ್ದದ, 6.4 ಕಿಲೋಮೀಟರು ವ್ಯಾಸದ ಒಂದು ಟೊಳ್ಳು ಉರುಳೆ. ಅದರ ಒಳಮೈಯಲ್ಲಿ ಉದ್ದಕ್ಕೂ ಮೂರು ಪಟ್ಟೆ ನೆಲ, ನಡುನಡುವೆ ಮೂರು ಪಟ್ಟೆ ಕಿಟಕಿ. ಹೊರಗೆ ಹೂವಿನ ದಳಗಳಂತೆ ಬಿಚ್ಚಿಕೊಂಡ ಮೂರು ಕನ್ನಡಿಗಳು ಸೂರ್ಯನ ಬೆಳಕನ್ನು ಒಳಕ್ಕೆ ಹಾಯಿಸುತ್ತವೆ. ಚಿತ್ರಮಾಲೆಯಲ್ಲಿ ಕಾಣುವ ಊರುಗಳೂ ಹೀಗೆಯೇ ಇವೆ. ನಮ್ಮಲ್ಲಿ ಚೊಂಬಿಗೆ ಹಗ್ಗ ಕಟ್ಟಿ, ನೀರು ತುಂಬಿ, ಗರಗರನೆ ತಲೆಯ ಮೇಲೆ ತಿರುಗಿಸುವ ಆಟವನ್ನು ಬಾಲ್ಯದಲ್ಲಿ ಆಡದವರು ಯಾರು? ಚೊಂಬು ತಲೆಕೆಳಗಾದಾಗಲೂ ನೀರು ಚೆಲ್ಲುವುದಿಲ್ಲ. ಅದು ತಳಕ್ಕೆ ಒತ್ತಿಕೊಂಡೇ ಇರುತ್ತದೆ. ಉರುಳೆಯೊಳಗಿನ ಮನುಷ್ಯನ ಸ್ಥಿತಿಯೂ ಅದೇ. ಉರುಳೆ ತನ್ನ ಅಕ್ಷದ ಸುತ್ತ ತಿರುಗುತ್ತಿದ್ದರೆ ಅವನ ಕಾಲು ಒಳಮೈಗೆ ಒತ್ತಿಕೊಳ್ಳುತ್ತದೆ. ಭೂಮಿಯ ಮೇಲಿನಷ್ಟೇ ತೂಕ ಅವನಿಗೆ ಅನುಭವವಾಗಬೇಕಾದರೆ ಎಷ್ಟು ವೇಗದಲ್ಲಿ ತಿರುಗಬೇಕು? ತ್ರಿಜ್ಯ 3.2 ಕಿಲೋಮೀಟರು, ಲೆಕ್ಕ ಹಾಕಿದರೆ ಒಂದು ಸುತ್ತಿಗೆ ಸುಮಾರು 114 ಸೆಕೆಂಡು ಎಂದು ಬರುತ್ತದೆ. ಎರಡು ನಿಮಿಷಕ್ಕೂ ಕಡಮೆ! ನೆಲವು ಸೆಕೆಂಡಿಗೆ 177 ಮೀಟರು, ಎಂದರೆ ಗಂಟೆಗೆ 640 ಕಿಲೋಮೀಟರಿನಷ್ಟು ವೇಗದಲ್ಲಿ ಓಡುತ್ತಿದ್ದರೂ ಅದರ ಮೇಲೆ ಮನೆ ಮಾಡಿಕೊಂಡವರಿಗೆ ಅದು ನಿಶ್ಚಲವಾಗಿಯೇ ತೋರುತ್ತದೆ.

ಪೂರ್ತಿ ನಿಶ್ಚಲವಾಗಿ ತೋರುವುದೆಂದು ಮಾತ್ರ ಹೇಳುವಂತಿಲ್ಲ. ಆ ಊರಿನಲ್ಲಿ 20 ಮೀಟರು ಎತ್ತರದ ತೆಂಗಿನ ಮರವೊಂದಿದ್ದು ಕಾಯಿ ಕಳಚಿತೆನ್ನಿ. ಅದು ಮರದ ಬುಡಕ್ಕೆ ಬೀಳದು; ಒಂದೂವರೆ ಮೀಟರಿನಷ್ಟು ಪಕ್ಕಕ್ಕೆ ಸರಿದು ಬೀಳುತ್ತದೆ. ಕಾಯಿ ಕೆಳಗಿಳಿಯುವಷ್ಟರಲ್ಲಿ ನೆಲ ಅಷ್ಟು ಮುಂದೆ ಸರಿದಿರುತ್ತದೆ. ಚಿತ್ರಕಾರರು ಈ ಸೂಕ್ಷ್ಮವನ್ನು ಗಮನಿಸಿದಂತೆ ಕಾಣುವುದಿಲ್ಲ. ಆ ಊರಿನಲ್ಲಿ ಬೆಳೆದ ಕಥಾನಾಯಕರು ಭೂಮಿಗಿಳಿದು ಚೆಂಡೆಸೆದರೆ ಗುರಿ ತಪ್ಪುವುದು ಸಹಜ.

ಇಂಥ ಊರುಗಳನ್ನು ಎಲ್ಲಿ ನಿಲ್ಲಿಸುವುದು? ಇದಕ್ಕೆ ಉತ್ತರವನ್ನು ಲಗ್ರಾಂಜನು 1772ರಲ್ಲೇ ಕೊಟ್ಟಿದ್ದನು. ಭೂಮಿ, ಚಂದ್ರ ಇವೆರಡನ್ನು ಎರಡು ಮೂಲೆಗಳಾಗಿ ಇಟ್ಟುಕೊಂಡು ಸಮಬಾಹು ತ್ರಿಭುಜವನ್ನು ಎಳೆದರೆ ಮೂರನೆಯ ಮೂಲೆಯಲ್ಲಿ ಇಟ್ಟ ವಸ್ತು ಚಂದ್ರನೊಡನೆ ಹೆಜ್ಜೆ ತಪ್ಪದೆ ಸುತ್ತುತ್ತಿರುತ್ತದೆ. ಬರಿಯ ಗಣಿತವಾಗಿದ್ದ ಈ ಮಾತು 1906ರಲ್ಲಿ ಕಣ್ಣಿಗೂ ಕಂಡಿತು. ಗುರುಗ್ರಹದ ಮುಂದೆ ಅರವತ್ತು ಡಿಗ್ರಿಗಳಷ್ಟು ದೂರದಲ್ಲಿ ಒಂದು ಕ್ಷುದ್ರಗ್ರಹವನ್ನು ಮ್ಯಾಕ್ಸ್ ವುಲ್ಫ್ ಎಂಬವರು ಕಂಡುಹಿಡಿದರು. ಕಥೆಯಲ್ಲಿ 'ಸೈಡ್' ಎಂದು ಹೆಸರಾದ ಊರುಗಳ ಗುಂಪುಗಳು ಇಂಥ ತಾಣಗಳಲ್ಲಿಯೇ ಇವೆ. ಭೂಮಿಗೆ ಹೆಚ್ಚಾದ ಜನರನ್ನು ಅರ್ಧ ಶತಮಾನಕ್ಕೂ ಮಿಕ್ಕಿ ಅಲ್ಲಿಗೆ ಸಾಗಿಸಲಾಗಿದೆ. ಅವುಗಳಲ್ಲಿ ಅತ್ಯಂತ ದೂರದ ಮೂರನೆಯ ಗುಂಪು 'ಜಿಯಾನ್' ಸಂಸ್ಥಾನವೆಂದು ತನ್ನನ್ನು ಕರೆದುಕೊಂಡು ಭೂಮಿಯ ಸರ್ಕಾರದ ಮೇಲೆ ಯುದ್ಧ ಹೂಡುತ್ತದೆ.

ಮೊದಲ ಕಂತಿನಲ್ಲಿಯೇ ಈ ಯುದ್ಧ ಏಳನೆಯ ಗುಂಪಿನ ಊರಿನೊಳಕ್ಕೆ ಬರುತ್ತದೆ. ಶತ್ರುವಿನ ಯಂತ್ರಗಳು ನುಗ್ಗುತ್ತವೆ. ಹದಿನೈದು ವರ್ಷದ ಅಮುರೊ ರೇ ಎಂಬ ಹುಡುಗ, ತನ್ನ ತಂದೆ ರೂಪಿಸಿದ ಗಂಡಮ್ ಯಂತ್ರವನ್ನು ಹತ್ತಿ, ಒಂದು ಶತ್ರುಯಂತ್ರವನ್ನು ಸೀಳಿಹಾಕುತ್ತಾನೆ. ಅದರೊಳಗಿನ ಶಕ್ತಿಯಂತ್ರ ಸ್ಫೋಟಿಸಿ ಊರಿನ ಗೋಡೆಯಲ್ಲಿ ತೂತು ಬೀಳುತ್ತದೆ. ಹತ್ತಿರದಲ್ಲಿದ್ದವನು ಯಾರು? ಹುಡುಗನ ತಂದೆಯೇ. ಗಾಳಿ ಆತನನ್ನು ಸೆಳೆದು ಹೊರಕ್ಕೆ ಎಸೆಯುತ್ತದೆ. ತಾನೇನು ಮಾಡಿದೆನೆಂಬುದು ಮಗನಿಗೆ ಆಗ ತಿಳಿಯುವುದೇ ಇಲ್ಲ. ಎರಡನೆಯ ಯಂತ್ರವನ್ನು ಅವನು ಸ್ಫೋಟವಾಗದಂತೆ, ನಡೆಸುವವನು ಕುಳಿತ ಜಾಗಕ್ಕೇ ಗುರಿಯಿಟ್ಟು ತಿವಿಯುತ್ತಾನೆ.

ಹೀಗೆ ತೂತು ಬಿದ್ದರೆ ಊರಿನ ಗತಿಯೇನು? ಇಲ್ಲಿ ಪೆನ್ಸಿಲು ಕೈಗೆತ್ತಿಕೊಂಡೆವು. ಪೂರ್ಣಪ್ರಮಾಣದ ಉರುಳೆಯೊಳಗಿನ ಗಾಳಿಯ ಗಾತ್ರ ಸುಮಾರು ಒಂದು ಸಾವಿರ ಘನ ಕಿಲೋಮೀಟರು. ತೂತಿನ ಅಡ್ಡಳತೆ 20 ಮೀಟರೆಂದು ಇಟ್ಟುಕೊಳ್ಳೋಣ. ನಿರ್ವಾತಕ್ಕೆ ನುಗ್ಗುವ ಗಾಳಿಯ ವೇಗಕ್ಕೂ ಒಂದು ಮಿತಿಯುಂಟು. ಶಬ್ದದ ವೇಗವೇ ಅದನ್ನು ಕಟ್ಟಿಹಾಕುತ್ತದೆ. ಆ ಪ್ರಕಾರ ಸೆಕೆಂಡಿಗೆ ಸುಮಾರು 60,000 ಘನ ಮೀಟರು ಗಾಳಿ ಹೊರಹೋಗುತ್ತದೆ. ಭಯಂಕರವೆನಿಸುವ ಸಂಖ್ಯೆ! ಆದರೆ ಇದೇ ವೇಗದಲ್ಲಿ ಊರಿನ ಗಾಳಿಯೆಲ್ಲ ತೀರಬೇಕಾದರೆ ಆರು ತಿಂಗಳು ಹಿಡಿಯುತ್ತದೆ. ತೂತಿನಿಂದ 50 ಮೀಟರು ದೂರದಲ್ಲಿ ನಿಂತವನಿಗೆ ಅದು ಮಂದಮಾರುತ. 20 ಮೀಟರು ದೂರದಲ್ಲಿ ಗಂಟೆಗೆ 90 ಕಿಲೋಮೀಟರಿನ ಬಿರುಗಾಳಿ. ಇನ್ನೂ ಹತ್ತಿರವಿದ್ದವನಿಗೆ ಬಿಡುಗಡೆಯಿಲ್ಲ. ಊರು ಉಳಿಯುತ್ತದೆ, ತಂದೆ ಹೋಗುತ್ತಾನೆ: ಕಥೆಗಾರರು ತೋರಿಸಿದ್ದೂ ಹೆಚ್ಚುಕಡಮೆ ಇದನ್ನೇ. ಅವರು ತೋರಿಸದೆ ಬಿಟ್ಟದ್ದು ಒಂದಿದೆ. ಆ ಊರಿನಲ್ಲಿ 'ಕೆಳಗೆ' ಎಂದರೆ 'ಹೊರಗೆ'. ನೆಲದಲ್ಲಿ ತೂತಾದರೆ ಅದು ತಳವಿಲ್ಲದ ಬಾವಿ. ಅದರಲ್ಲಿ ಬಿದ್ದವನು ಕವಣೆಯಿಂದ ಹೊರಟ ಕಲ್ಲಿನಂತೆ ಸೆಕೆಂಡಿಗೆ 177 ಮೀಟರು ವೇಗದಲ್ಲಿ ದೂರ ಸರಿಯುತ್ತಾನೆ.

ಆ ತಂದೆ ಸಾಯುವುದಿಲ್ಲ. ಬಹಳ ಕಂತುಗಳ ತರುವಾಯ, ಯುದ್ಧದಲ್ಲಿ ಸೇರದ ಬೇರೊಂದು ಊರಿನಲ್ಲಿ, ಮಗನಿಗೆ ಸಿಕ್ಕುತ್ತಾನೆ. ಪ್ರಾಣವಾಯುವಿನ ಕೊರತೆಯಿಂದ ಮೆದುಳು ಕೆಟ್ಟಿದೆ. ಗಂಡಮಿನ ಬಲವನ್ನು ಹೆಚ್ಚಿಸುವ ಉಪಕರಣವೆಂದು ಏನನ್ನೋ ಮಗನ ಕೈಗೆ ಕೊಡುತ್ತಾನೆ. ಅದು ಎಂದೋ ಹಳೆಯದಾದ ಸರಕು. ಹುಡುಗ ಅದನ್ನು ತೆಗೆದುಕೊಂಡು ಹೋಗಿ, ದಾರಿಯಲ್ಲಿ ನೆಲಕ್ಕೆ ಅಪ್ಪಳಿಸುತ್ತಾನೆ. ಮಾಲೆಯ ಎಲ್ಲ ಕಾದಾಟಗಳಿಗಿಂತ ಈ ಸನ್ನಿವೇಶವೇ ನಮ್ಮ ಮನಸ್ಸಿನಲ್ಲಿ ಉಳಿದಿದೆ.

ಈಗ ದೈತ್ಯನ ಕಡೆಗೆ ತಿರುಗೋಣ. ಎತ್ತರ 18 ಮೀಟರು. ಬರಿಮೈಯ ತೂಕ 43.4 ಟನ್ನು, ಸಕಲಸಜ್ಜಿತನಾದಾಗ 60 ಟನ್ನು. ಅಡಿಯ ಲೆಕ್ಕದಲ್ಲಿ 59 ಅಡಿ. ಶ್ರವಣಬೆಳಗೊಳದ ಗೊಮ್ಮಟನ ಎತ್ತರ 57 ಅಡಿಯೆಂಬುದನ್ನು ನೆನೆದರೆ ಓದುಗರಿಗೆ ಗಾತ್ರದ ಅಂದಾಜು ಸಿಕ್ಕೀತು. ಗೊಮ್ಮಟನು ಬೆಟ್ಟದ ಕಲ್ಲಿನಿಂದಲೇ ಎದ್ದು ನಿಂತವನು. ತೊಡೆಯವರೆಗೆ ಹುತ್ತದ ಆಸರೆಯನ್ನೂ ಶಿಲ್ಪಿ ಬಿಟ್ಟಿದ್ದಾನೆ. ಅಷ್ಟು ದೊಡ್ಡ ಮೂರ್ತಿಯನ್ನು ನಡೆಸುವುದು ಸಾಧ್ಯವೆ?

ಈ ಪ್ರಶ್ನೆಗೆ ಉತ್ತರವನ್ನು ಜೆ. ಬಿ. ಎಸ್. ಹಾಲ್ಡೇನ್ ಅವರು 1926ರಲ್ಲೇ ಬರೆದಿಟ್ಟಿದ್ದರು. 1957ರಲ್ಲಿ ಭಾರತಕ್ಕೆ ಬಂದು ನೆಲಸಿ, ಇಲ್ಲಿಯ ಪೌರತ್ವವನ್ನು ಪಡೆದು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಜೀವವಿಜ್ಞಾನಿ ಇವರೇ. ಪ್ರಾಣಿಗಳ ಗಾತ್ರವನ್ನು ಕುರಿತ ಪ್ರಬಂಧದಲ್ಲಿ ಅವರು ಎತ್ತಿಕೊಂಡ ಉದಾಹರಣೆ ಹಳೆಯ ಪುಸ್ತಕವೊಂದರ ದೈತ್ಯರು. ಎತ್ತರ ಸರಿಯಾಗಿ ಅರವತ್ತು ಅಡಿ! ಮನುಷ್ಯನಿಗಿಂತ ಹತ್ತರಷ್ಟು ಎತ್ತರ, ಹತ್ತರಷ್ಟು ಅಗಲ, ಹತ್ತರಷ್ಟು ದಪ್ಪವಾದವನ ತೂಕ ಸಾವಿರ ಪಟ್ಟು. ಆದರೆ ಮೂಳೆಯ ಅಡ್ಡಕೊಯ್ತದ ವಿಸ್ತೀರ್ಣ ಹೆಚ್ಚುವುದು ನೂರು ಪಟ್ಟು ಮಾತ್ರ. ಆದ್ದರಿಂದ ಒಂದೊಂದು ಚದರ ಅಂಗುಲದ ಮೇಲೂ ಹತ್ತರಷ್ಟು ಭಾರ. ಹೆಜ್ಜೆಯಿಟ್ಟೊಡನೆ ತೊಡೆಮೂಳೆ ಮುರಿಯುತ್ತದೆ. ಈ ತತ್ತ್ವವನ್ನು ಮೊದಲು ಹೇಳಿದವನು ಗೆಲಿಲಿಯೋ, 1638ರಲ್ಲಿ.

ಉಕ್ಕು ಮೂಳೆಗಿಂತ ಗಟ್ಟಿಯಲ್ಲವೆ ಎಂದು ಕೇಳಬಹುದು. ಹೌದು, ಆದುದರಿಂದ ನಿಲ್ಲಿಸುವುದು ಸಾಧ್ಯ. ಕಷ್ಟವಿರುವುದು ಚಲನೆಯಲ್ಲಿ. ನಡಿಗೆ ಎಂದರೆ ಕಾಲು ಲೋಲಕದಂತೆ ತೂಗುವುದು; ಲೋಲಕ ಹತ್ತರಷ್ಟು ಉದ್ದವಾದರೆ ಅದರ ತೂಗುವಿಕೆ ಮೂರು ಪಟ್ಟಿಗೂ ಹೆಚ್ಚು ನಿಧಾನವಾಗುತ್ತದೆ. ನಮಗೆ ಅರ್ಧ ಸೆಕೆಂಡು ಹಿಡಿಯುವ ಹೆಜ್ಜೆಗೆ ದೈತ್ಯನಿಗೆ ಒಂದೂವರೆ ಸೆಕೆಂಡಿಗೂ ಮಿಕ್ಕಿ ಬೇಕು. ಅವನು ಹಟ ಹಿಡಿದು ಮನುಷ್ಯನ ಲಯದಲ್ಲಿಯೇ ಕತ್ತಿ ಬೀಸಿದನೆನ್ನಿ, ತೋಳಿನ ಲೋಹದಲ್ಲಿ ಉಂಟಾಗುವ ಎಳೆತ ನೂರು ಪಟ್ಟು. ಎದೆಗೂಡಿನಲ್ಲಿ ಕುಳಿತ ಹುಡುಗನ ಪಾಡು ಇನ್ನೊಂದು. ಅವನ ಪೀಠ ನೆಲದಿಂದ 12 ಮೀಟರು ಎತ್ತರದಲ್ಲಿದೆ ಎಂದುಕೊಂಡರೆ, ಯಂತ್ರ ಮುಗ್ಗರಿಸಿ ಬಿದ್ದಾಗ ಅವನು ಗಂಟೆಗೆ 55 ಕಿಲೋಮೀಟರಿನ ವೇಗದಲ್ಲಿ ನೆಲಕ್ಕೆ ಬಡಿಯುತ್ತಾನೆ. ಮಾಲೆಯಲ್ಲಿ ಅವನು ಎಷ್ಟು ಸಲ ಬಿದ್ದನೆಂಬುದನ್ನು ಎಣಿಸಹೊರಟು ಅರ್ಧಕ್ಕೇ ಬಿಟ್ಟೆವು.

ತೂಕದ ಸಂಖ್ಯೆಯಲ್ಲೂ ಒಂದು ತಮಾಷೆಯುಂಟು. ಮನುಷ್ಯಾಕಾರದ 18 ಮೀಟರಿನ ಮೈಯ ಗಾತ್ರ ಸುಮಾರು 70 ಘನ ಮೀಟರು. ಅಷ್ಟು ನೀರಿನ ತೂಕ 70 ಟನ್ನು. 43 ಟನ್ನಿನ ಗಂಡಮ್ ಹೆಚ್ಚುಕಡಮೆ ತೇಗದ ದಿಮ್ಮಿಯಷ್ಟೇ ಹಗುರ. ಕಥೆಯಲ್ಲಿ ಅದು ಕಡಲೊಳಗೆ ಇಳಿದು ಕಾದಾಡುತ್ತದೆ. ನಿಜದಲ್ಲಿ ಅದು ತೇಲುತ್ತಿತ್ತು.

ಜಪಾನಿನ ಇಂಜಿನಿಯರುಗಳು ಇದನ್ನು ಕಾಗದದ ಮೇಲೆ ಬಿಡದೆ ಮಾಡಿಯೇ ನೋಡಿದರು. ಯೊಕೊಹಾಮಾ ಬಂದರಿನಲ್ಲಿ 2020ರ ಡಿಸೆಂಬರಿನಿಂದ 2024ರ ಮಾರ್ಚಿಯವರೆಗೆ 18 ಮೀಟರಿನ ಚಲಿಸುವ ಗಂಡಮ್ ಒಂದನ್ನು ಪ್ರದರ್ಶನಕ್ಕಿಟ್ಟಿದ್ದರು. ತೂಕವನ್ನು ಸುಮಾರು 25 ಟನ್ನಿಗೆ ಇಳಿಸಲಾಗಿತ್ತು. ಅದು ಕೈಬೆರಳುಗಳನ್ನು ಮಡಿಸುತ್ತಿತ್ತು, ಮೊಣಕಾಲೂರುತ್ತಿತ್ತು, ಹೆಜ್ಜೆಯಿಡುವಂತೆ ಕಾಲೆತ್ತುತ್ತಿತ್ತು. ಆದರೆ ಅಷ್ಟು ಹೊತ್ತೂ ಹಿಂದಿನಿಂದ ಒಂದು ಉಕ್ಕಿನ ಆಸರೆ ಅದರ ಸೊಂಟವನ್ನು ಹಿಡಿದುಕೊಂಡಿತ್ತು.

ಗುರುತ್ವವಿಲ್ಲದ ಕಡೆ ಕೈಕಾಲುಗಳಿಂದ ಏನಾದರೂ ಪ್ರಯೋಜನವುಂಟೆ? ಉಂಟೆಂದು ಮಾಲೆಯ ಅಭಿಮಾನಿಗಳಿಗಾಗಿ ಮುಂದೆ ಹೊರಟ ಪುಸ್ತಕಗಳು ವಾದಿಸುತ್ತವೆ. ಕೈಕಾಲು ಬೀಸಿ, ಇಂಧನ ಸುಡದೆ, ಮೈ ತಿರುಗಿಸಬಹುದಂತೆ. ವಾದ ಸರಿಯೇ. ಮೇಲಿನಿಂದ ಬಿಟ್ಟ ಬೆಕ್ಕು ಕಾಲು ಕೆಳಗಾಗಿಯೇ ಬೀಳುವುದನ್ನು 1894ರಲ್ಲಿ ಮಾರೇ ಎಂಬ ಫ್ರೆಂಚ್ ವಿಜ್ಞಾನಿ ಒಂದರ ಹಿಂದೆ ಒಂದು ಛಾಯಾಚಿತ್ರ ತೆಗೆದು ತೋರಿಸಿದನು. ಯಾವ ಆಧಾರವನ್ನೂ ಒದೆಯದೆ, ಮೈಯ ಮುಂಭಾಗವನ್ನೂ ಹಿಂಭಾಗವನ್ನೂ ಬೇರೆಬೇರೆಯಾಗಿ ತಿರುಚಿ ಅದು ಮಗುಚಿಕೊಳ್ಳುತ್ತದೆ. ಬೆಂಗಳೂರಿನಲ್ಲಿ ರೂಪುಗೊಳ್ಳುವ ಉಪಗ್ರಹಗಳೂ ಒಳಗಿನ ಚಕ್ರಗಳನ್ನು ತಿರುಗಿಸಿಯೇ ತಮ್ಮ ಮುಖವನ್ನು ಬೇಕಾದತ್ತ ಹೊರಳಿಸುತ್ತವೆ. ಒಂದು ಸಣ್ಣ ಚಕ್ರ ಮಾಡುವ ಕೆಲಸಕ್ಕೆ ನಾಲ್ಕು ಕೈಕಾಲು ಹೊತ್ತು ತಿರುಗುವುದೇಕೆ ಎಂಬುದಷ್ಟೇ ನಮ್ಮ ಸಂಶಯ.

ಕತ್ತಿವರಸೆಗೆ ಎದುರಾಳಿ ಕಣ್ಣಿಗೆ ಕಾಣುವಷ್ಟು ಹತ್ತಿರ ಬರಬೇಕು. ರೇಡಾರ್ ಇರುವ ಕಾಲದಲ್ಲಿ ಅದು ಹೇಗೆ? ಇದಕ್ಕಾಗಿ ಕಥೆಗಾರರು 'ಮಿನೊವ್‌ಸ್ಕಿ' ಕಣವೆಂಬ ಒಂದು ಸುಳ್ಳನ್ನು ಹೇಳಿದರು: ಅದನ್ನು ಹರಡಿದರೆ ರೇಡಾರು ಕುರುಡಾಗುತ್ತದೆ. ಅಂಥ ಕಣವಿಲ್ಲ. ಕುರುಡಾಗುವುದು ಮಾತ್ರ ನಿಜ. 1943ರ ಜುಲೈಯಲ್ಲಿ ಬ್ರಿಟಿಷ್ ವಿಮಾನಗಳು ಹ್ಯಾಂಬರ್ಗ್ ನಗರದ ಮೇಲೆ ಅಲ್ಯೂಮಿನಿಯಮಿನ ಪಟ್ಟಿಗಳನ್ನು ಕಟ್ಟುಕಟ್ಟಾಗಿ ಸುರಿದುವು. ಜರ್ಮನರ ರೇಡಾರ್ ಪರದೆಗಳ ತುಂಬ ಸುಳ್ಳು ವಿಮಾನಗಳು ಮೂಡಿದುವು. ಆ ಕೆಲವು ರಾತ್ರಿಗಳಲ್ಲಿ ನಗರ ಸುಟ್ಟುಹೋಯಿತು.

ಕೊನೆಯದಾಗಿ, ಇಡೀ ಕಥೆಯ ಬುಡದಲ್ಲಿರುವ ಘಟನೆ. ಜಿಯಾನ್ ಸೇನೆ ಒಂದು ಊರನ್ನೇ ಅದರ ಕಕ್ಷೆಯಿಂದ ಕದಲಿಸಿ ಭೂಮಿಯ ಮೇಲೆ ಕೆಡವಿದೆ. ಯುದ್ಧದ ಮೊದಲ ತಿಂಗಳಲ್ಲಿ ಮಾನವಕುಲದ ಅರ್ಧ ಪಾಲು ಸತ್ತಿತೆಂದು ಮೊದಲ ಕಂತಿನ ಆರಂಭದಲ್ಲಿಯೇ ನಿರೂಪಕನು ಹೇಳಿಬಿಡುತ್ತಾನೆ. ಮುಂದೆ ಬಂದ ಕೃತಿಗಳಲ್ಲಿ ಆಸ್ಟ್ರೇಲಿಯದ ಸಿಡ್ನಿ ಇದ್ದ ಕಡೆ ಒಂದು ದುಂಡನೆಯ ಕೊಲ್ಲಿಯಿದೆ.

ಊರೊಂದನ್ನು ಕೆಡವುವುದು ಎಷ್ಟು ಕಷ್ಟ? ಚಂದ್ರನಷ್ಟು ದೂರದಲ್ಲಿ ಸುತ್ತುವ ವಸ್ತುವಿನ ವೇಗ ಸೆಕೆಂಡಿಗೆ ಒಂದು ಕಿಲೋಮೀಟರು ಮಾತ್ರ. ಅದರಲ್ಲಿ 830 ಮೀಟರಿನಷ್ಟನ್ನು ಕಳೆದರೆ ಸಾಕು, ಉಳಿದುದನ್ನು ಭೂಮಿ ಮಾಡುತ್ತದೆ. ಬಿದ್ದು ಮುಟ್ಟುವಾಗ ಅದರ ವೇಗ ಸೆಕೆಂಡಿಗೆ 11 ಕಿಲೋಮೀಟರು. ಶಕ್ತಿಯ ಲೆಕ್ಕದಲ್ಲಿ ದೂಡಿದವನು ಒಂದು ರೂಪಾಯಿ ಕೊಟ್ಟರೆ ಭೂಮಿ ನೂರ ಎಪ್ಪತ್ತಕ್ಕೂ ಮಿಕ್ಕಿ ಸೇರಿಸುತ್ತದೆ. ಆ ವೇಗದಲ್ಲಿ ಒಂದು ಟನ್ನು ಯಾವುದೇ ವಸ್ತು, ಕಲ್ಲಾಗಲಿ ಕಬ್ಬಿಣವಾಗಲಿ, ಹದಿನಾಲ್ಕು ಟನ್ನು ಸಿಡಿಮದ್ದಿಗೆ ಸಮ. ಹಿರೋಶಿಮಾ ಬಾಂಬಿನ ಬಲ 15,000 ಟನ್ನು. ಸುಮಾರು ಒಂದು ಸಾವಿರ ಟನ್ನು ಬಿದ್ದರೆ ಅದರ ಸಮವಾಯಿತು. ಊರಿನ ಗೋಡೆಯನ್ನು ಬರಿಯ ಹತ್ತು ಸೆಂಟಿಮೀಟರಿನ ಉಕ್ಕೆಂದು ಇಟ್ಟರೂ, ಒಳಗಿನ ಗಾಳಿಯ ಒತ್ತಡಕ್ಕೆ ಅಷ್ಟು ಏನೂ ಸಾಲದು, ಅದರ ತೂಕ ಐವತ್ತು ಕೋಟಿ ಟನ್ನು. ನೂರರಲ್ಲಿ ತೊಂಬತ್ತೊಂಬತ್ತು ಪಾಲು ದಾರಿಯಲ್ಲಿ ಉರಿದು ಚದರಿಹೋದರೂ ಉಳಿದದ್ದು ಐದು ಸಾವಿರ ಹಿರೋಶಿಮಾ. ಇದಕ್ಕೆ ಅಣುವಿಜ್ಞಾನ ಬೇಕಿಲ್ಲ, ಯಂತ್ರಪುರುಷ ಬೇಕಿಲ್ಲ. ಎತ್ತರದಲ್ಲಿ ಒಂದು ಭಾರವಾದ ವಸ್ತು ಇದ್ದರಾಯಿತು. ಹೊಸ ನೆಲ ದೊರೆತರೆ ನೆಲಕ್ಕಾಗಿ ಕಾದಾಡುವುದು ಕಡಮೆಯಾದೀತೆಂಬ ಆಶೆ ಓನೀಲರಿಗಿತ್ತು.

ಕಥೆಯಲ್ಲಿ ಪತನ ಕೆಲವೇ ಕ್ಷಣಗಳಲ್ಲಿ ಮುಗಿಯುತ್ತದೆ. ನಾವು ಹಾಕಿದ ಲೆಕ್ಕದಲ್ಲಿ ಹಾಗಲ್ಲ. ಚಂದ್ರನ ದೂರದಿಂದ ಭೂಮಿಗೆ ಬೀಳಲು ಐದು ದಿನ ಬೇಕು. ಮೊದಲ ನಾಲ್ಕು ದಿನ ಅದು ಒಂದು ನಕ್ಷತ್ರ ಮಾತ್ರ. ಒಂದು ಲಕ್ಷ ಕಿಲೋಮೀಟರು ದೂರಕ್ಕೆ ಬಂದಾಗ, ಇನ್ನು ಏಳು ಗಂಟೆಯಿರುವಾಗ, ಅದು ಚುಕ್ಕೆಯಲ್ಲ, ಸಣ್ಣದೊಂದು ಗೀರು ಎಂದು ಸೂಕ್ಷ್ಮದೃಷ್ಟಿಯುಳ್ಳವರಿಗೆ ತಿಳಿದೀತು. ಹುಣ್ಣಿಮೆಯ ಚಂದ್ರನ ಅಡ್ಡಳತೆಯಷ್ಟು ಉದ್ದವಾಗಿ ಕಾಣುವ ಹೊತ್ತಿಗೆ ಕೆಳಗಿನವರಿಗೆ ಉಳಿದಿರುವುದು ಆರು ನಿಮಿಷ.